ಸರ ಅಡ ಇಟ್ಟು ಹಡಗು ಹತ್ತಬೇಕೆ?

(ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಿದೆ.)

ಕಿರಣ ಎನ್ನೋಣ. ವಯಸ್ಸು 24, ಮದ್ದೂರು ಕಡೆಯ ಕಬ್ಬು ಬೆಳೆಯುವ ಮನೆ. ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಇಲ್ಲೇ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಕ್ರೂಸ್ ಹಡಗಿನಲ್ಲಿ ಊಟ ಬಡಿಸುವ ಕೆಲಸ ಕೊಡಿಸುತ್ತೇನೆಂದು ಏಜೆಂಟ್ ಒಬ್ಬ ಮೂರು ಲಕ್ಷ ಕೇಳಿದ್ದ. ಅವ್ವನ ಸರ ಅಡ ಇಡುವುದು, ಉಳಿದದ್ದನ್ನು ಭಾವ ಬಡ್ಡಿಗೆ ಕೊಡಿಸುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಅಲ್ಲಿಂದ ಅವನಿಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ರಾತ್ರಿ ಎದೆ ಡವಗುಟ್ಟುತ್ತದೆ.

ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆತಂದವರು ಅವ್ವ. “ಸಮುದ್ರ ಅಂದ್ರೆ ಹೆದ್ರಿಕೆ ಅಂತ ಕಾಣ್ತದೆ ಮೇಡಂ, ಸ್ವಲ್ಪ ಧೈರ್ಯ ಹೇಳಿ ಕಳ್ಸಿ.”

ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜಿಕೊಂಡು ಬೆಳೆದವನು. ನೀರಿನ ಭಯವಿದ್ದಂತೆ ನನಗೆ ಕಾಣಲಿಲ್ಲ. ಅವ್ವನನ್ನು ಹೊರಗೆ ಕೂರಿಸಿ ಕೇಳಿದೆ: “ಹೋದ ಮೇಲೆ ಆಗ್ಲಿಲ್ಲ ಅಂದ್ರೆ ಏನಪ್ಪ ಮಾಡ್ತೀಯ?” ತುಂಬ ಹೊತ್ತು ಸುಮ್ಮನಿದ್ದ. “ಆಗಲ್ಲ ಅನ್ನಂಗೇ ಇಲ್ವಲ್ಲ ಮೇಡಂ. ಸರ ಬಿಡಿಸ್ಬೇಕು, ಬಡ್ಡಿ ಕಟ್ಬೇಕು. ಯಾವ ಮುಖ ಇಟ್ಕಂಡು ವಾಪಸ್ ಬರ್ಲಿ?”

ಧೈರ್ಯ ಹೇಳುವುದನ್ನು ಪಕ್ಕಕ್ಕಿಟ್ಟು ಸಾಲದ ಮಾತೆತ್ತಿದೆ. ಆಪ್ತಸಲಹೆಗೂ ಕಾನೂನಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಇವನ ನಿದ್ದೆ ಕೆಟ್ಟಿದ್ದೇ ಆ ಸಾಲದಿಂದ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಅನುಮೋದಿಸಿದೆ. ಅದರಂತೆ ಹಡಗಿನ ಕೆಲಸ ಕೊಡಿಸಲು ಕೆಲಸಗಾರನಿಂದ ದುಡ್ಡು ಕೀಳುವಂತಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ ಎನ್ನುವ ನಾವಿಕರ ಪುಸ್ತಕದ ಖರ್ಚು ಅವನದಾಗಬಹುದು. ವೀಸಾ ಖರ್ಚು ಹಡಗಿನ ಮಾಲೀಕರದು. ಸುರಕ್ಷತಾ ತರಬೇತಿಯ ಶುಲ್ಕವಿದ್ದರೆ ತರಬೇತಿ ಸಂಸ್ಥೆಗೇ ನೇರ ಕಟ್ಟಿ ರಸೀದಿ ತೆಗೆದುಕೊಳ್ಳಬೇಕು. ನೇಮಕ ಮಾಡುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಎಂಬ ಸರ್ಕಾರಿ ಪರವಾನಗಿ ಬೇಕು, ಅದಿರುವವರ ಪಟ್ಟಿ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿದೆ. ಅಲ್ಲೇ ಕೂತು ಮೊಬೈಲಿನಲ್ಲಿ ಹುಡುಕಿದ. ಇವನ ಏಜೆಂಟ್ ಅದರಲ್ಲಿರಲಿಲ್ಲ.

ವಿಷಯ ತಿಳಿಸಿದಾಗ ಅವ್ವನಿಗೆ ಸಿಟ್ಟು ಬಂದದ್ದು ನನ್ನ ಮೇಲೆ. “ದುಡ್ಡು ಬಿಚ್ದೆ ಯಾವ ಕೆಲ್ಸ ಸಿಕ್ತದೆ ಬುಡಿ.” ಅವರು ಕಂಡ ಲೋಕದಲ್ಲಿ ಅದು ಸುಳ್ಳಲ್ಲ. ವಾದಕ್ಕಿಳಿಯಲಿಲ್ಲ. ಸರ ಸದ್ಯಕ್ಕೆ ಮನೆಯಲ್ಲೇ ಇರಲಿ ಎಂದಷ್ಟೇ ಹೇಳಿದೆ.

ಮುಂದಿನ ಭೇಟಿಗೆ ಬರುವಷ್ಟರಲ್ಲಿ ಅವನಿಗೆ ಅರೆಬರೆ ನಿದ್ದೆ ಹತ್ತುತ್ತಿತ್ತು. ಆಗ ಹಡಗಿನ ಬದುಕಿನ ಬಗ್ಗೆ ಮಾತಾಡಿದೆವು. ವಾರದ ರಜೆ ಎಂಬುದಿಲ್ಲ. ಕಾಂಟ್ರ್ಯಾಕ್ಟ್ ಹೆಚ್ಚಾಗಿ ಆರರಿಂದ ಒಂಬತ್ತು ತಿಂಗಳು. ಕಿಟಕಿಯಿಲ್ಲದ ಕ್ಯಾಬಿನ್‌ನಲ್ಲಿ ಇನ್ನೊಬ್ಬರ ಜೊತೆ ಇರಬೇಕಾದೀತು. ಸಾಮಾನ್ಯವಾಗಿ ಪಾಲಿಸುವ ನಿಯಮದಂತೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಆ ಹತ್ತು ಗಂಟೆಯನ್ನು ಎರಡು ಪಾಲು ಮಾಡಿದರೆ ಒಂದು ಪಾಲು 6 ಗಂಟೆಗೆ ಕಡಿಮೆಯಿರಬಾರದು. ಆ ಆರು ಗಂಟೆಯನ್ನು ಮೊಬೈಲಿಗೆ ಕೊಡಬೇಡ ಎಂದೆ. ಊರಿಗೆ ಫೋನ್ ವಾರಕ್ಕೊಮ್ಮೆ ಸಾಕು, ಬರದಿದ್ದರೆ ಡ್ಯೂಟಿಯಲ್ಲಿದ್ದಾನೆಂದು ಮನೆಯವರು ತಿಳಿಯಬೇಕು.

ಮೊದಲ ತಿಂಗಳು ಕಾಲುನೋವು, ತಲೆಸುತ್ತು, ಹೊಸ ಕೆಲಸದ ಜೊತೆ ಸುರಕ್ಷತಾ ಡ್ರಿಲ್ ಬೇರೆ. ಆ ದಣಿವಿನಲ್ಲಿ ಬಿಡುವ ತೀರ್ಮಾನ ಬೇಡ. ಆಮೇಲೂ ಆಗದಿದ್ದರೆ ಬರಲಿ. ತಾನಾಗಿ ನಡುವೆ ಬಿಟ್ಟರೆ ವಿಮಾನದ ಖರ್ಚು ತನ್ನ ತಲೆಗೇ ಬರಬಹುದು. ಮೊದಲ ಸಂಬಳಗಳಿಂದ ಅಷ್ಟನ್ನು ತೆಗೆದಿಟ್ಟು ಉಳಿದದ್ದನ್ನು ಮನೆಗೆ ಕಳಿಸಲಿ. ಯಾರ ಜೊತೆಗಾದರೂ ಮಾತಾಡಬೇಕೆನಿಸಿದರೆ ನಾವಿಕರಿಗಾಗಿಯೇ ದಿನದ 24 ಗಂಟೆಯೂ ಉಚಿತವಾಗಿ ಸಿಗುವ ಸೀಫೇರರ್‌ಹೆಲ್ಪ್ ಸಹಾಯವಾಣಿ ಇದೆ. ಊರಿನಲ್ಲಿರುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಗುಟ್ಟಾಗಿ ನುಂಗುವ ಯೋಚನೆಯೂ ಅವನಿಗಿತ್ತು. ಖಂಡಿತ ಬೇಡ ಎಂದೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಮಾತ್ರೆ, ಹಾಗೆ ತೆಗೆದುಕೊಂಡದ್ದನ್ನು ಹಡಗಿನ ಮೆಡಿಕಲ್ ಪರೀಕ್ಷೆಯಲ್ಲಿ ಮುಚ್ಚಿಡಬಾರದು.

ಕಷ್ಟವಾದದ್ದು ಅವ್ವನ ಬಾಯಿಂದ ಒಂದು ಮಾತು ಹೊರಡಿಸುವುದು. ಊರವರು ಆಡಿಕೊಳ್ಳುತ್ತಾರೆ, ಹೆಣ್ಣು ಕೊಡುವವರು ಏನೆಂದಾರು ಎಂದೆಲ್ಲ ಹೇಳಿದ ಮೇಲೆ, ಮಗನ ಮುಖ ನೋಡದೆ ಅಂದರು: “ಆಗ್ನಿಲ್ಲ ಅಂದ್ರೆ ಬಂದ್ಬುಡ್ಲಾ ಮಗ, ಗದ್ದೆ ಎಲ್ಲಿಗೂ ಹೋಗಕ್ಕಿಲ್ಲ.”

ಕಿರಣ ಈಗ ಪರವಾನಗಿಯಿರುವ ಏಜೆನ್ಸಿಯೊಂದರಲ್ಲಿ ಇಂಟರ್‌ವ್ಯೂ ಕೊಟ್ಟು ಕಾಯುತ್ತಿದ್ದಾನೆ. ಏಜೆಂಟನನ್ನು ಪರಿಚಯಿಸಿದ್ದ ಭಾವ ಕಿರಣನ ಜೊತೆ ಮಾತು ಬಿಟ್ಟಿದ್ದಾರೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.