ಕಾವಲುಪಡೆ ಇದ್ದೂ ಹಡಗು ಹೋಯಿತು!

ಪ್ರಶ್ನೆ: ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಹಡಗುಗಳ ಆಟ ಆಡುತ್ತೇನೆ. ಸುರಕ್ಷಿತ ವಲಯವೆಂದು ನಂಬಿ, ಡೋಡಿಕ್ಸಿಯಿಂದ ಜಿಟಾ ಮಾರುಕಟ್ಟೆಗೆ ಸರಕು ತುಂಬಿ, ಆಟೋಪೈಲಟ್ ಹಾಕಿ ಊಟಕ್ಕೆ ಎದ್ದೆ. ದಾರಿಯಲ್ಲಿ ಸಿಗುವ ಉಯೆಡಾಮಾದಲ್ಲಿ ಪುಟ್ಟ ಹಡಗುಗಳ ದಂಡೊಂದು ಮುತ್ತಿ ಎಲ್ಲವನ್ನೂ ಪುಡಿ ಮಾಡಿತು. ಮೇಲೆ ಚಾಟ್‌ನಲ್ಲಿ ಗೇಲಿ ಬೇರೆ. ಇವರ ಖಾತೆ ಮುಚ್ಚಿಸಲು ದಾರಿ ಇದೆಯೇ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ದರೋಡೆಗಾಗಿಯಾದರೆ, ಇಲ್ಲ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಹೊರತಂದ ಈ ಆಟದಲ್ಲಿ ಲೂಟಿ, ವಂಚನೆ, ಬೇಹುಗಾರಿಕೆ ಎಲ್ಲಕ್ಕೂ ಜಾಗವಿದೆ. ಕಾನ್‌ಕಾರ್ಡ್ ಎಂಬ ಅಲ್ಲಿನ ಪೊಲೀಸ್ ಪಡೆ ಇರುವುದು ನಿಮ್ಮನ್ನು ಕಾಯುವುದಕ್ಕಲ್ಲ, ಹೊಡೆದವನನ್ನು ದಂಡಿಸುವುದಕ್ಕೆ. ಅಲ್ಲಿನ ಪ್ರತಿ ವಲಯಕ್ಕೂ ಒಂದು ಭದ್ರತಾ ಅಂಕವಿದೆ; ಅದು 1.0 ಇರುವಲ್ಲಿ ಪಡೆ ಬೇಗ ಬರುತ್ತದೆ, ಉಯೆಡಾಮಾದಂಥ 0.5ರ ಜಾಗದಲ್ಲಿ ತಡವಾಗಿ. ಆ ಕೆಲವು ಸೆಕೆಂಡುಗಳಲ್ಲೇ ನಿಮ್ಮ ಹಡಗು ಹೋಗುತ್ತದೆ.

ಅವರ ಲೆಕ್ಕ ನೋಡಿ. ಒಬ್ಬ, ವಲಯದಿಂದ ವಲಯಕ್ಕೆ ಜಿಗಿಯುವ ಗೇಟಿನ ಬಳಿ ನಿಂತು ಸ್ಕ್ಯಾನರ್ ಹಿಡಿದು ನಿಮ್ಮ ಸರಕಿಗೆ ಬೆಲೆ ಕಟ್ಟುತ್ತಾನೆ. ಉಳಿದವರು ಕ್ಯಾಟಲಿಸ್ಟ್ ಎಂಬ ಅಗ್ಗದ ಪುಟ್ಟ ಯುದ್ಧಹಡಗುಗಳಲ್ಲಿ ಬರುತ್ತಾರೆ. ಅವು ನಾಶವಾಗುವುದು ಖಚಿತ, ಕಾನ್‌ಕಾರ್ಡ್ ಹೊಡೆದ ಹಡಗಿಗೆ ವಿಮೆಯೂ ಇಲ್ಲ. ಆದರೂ ನಿಮ್ಮ ಸರಕಿನ ಅರ್ಧದಷ್ಟು ಉಳಿದರೆ ಖರ್ಚು ಕಳೆದು ಲಾಭ. ಆ ಲಾಭವನ್ನೇ ಇಲ್ಲವಾಗಿಸಿ. ದುಬಾರಿ ಸರಕನ್ನು ಎರಡು ಮೂರು ಸಲಕ್ಕೆ ಹಂಚಿ. ಜಾಗ ಹೆಚ್ಚಿಸುವ ಮಾಡ್ಯೂಲ್‌ಗಳು ಹಡಗಿನ ಒಡಲನ್ನೇ ದುರ್ಬಲಗೊಳಿಸುತ್ತವೆ; ಅವನ್ನು ಕಿತ್ತು, ಒಡಲನ್ನು ಗಟ್ಟಿ ಮಾಡುವ ಬಲ್ಕ್‌ಹೆಡ್ ಹಾಕಿ. ಆಟೋಪೈಲಟ್ಟಂತೂ ಬೇಡವೇ ಬೇಡ. ಅದು ಗೇಟಿನಿಂದ ಕಿಲೋಮೀಟರುಗಟ್ಟಲೆ ದೂರದಲ್ಲಿ ಇಳಿಸಿ, ಅಲ್ಲಿಂದ ತೆವಳಿಸುತ್ತದೆ. ನೀವೇ ನಡೆಸಿದರೆ ಗೇಟಿನ ಬಾಯಿಗೇ ಇಳಿಯುತ್ತೀರಿ. ಹಸಿವಾದರೆ ಹಡಗನ್ನು ನಿಲ್ದಾಣಕ್ಕೆ ಸೇರಿಸಿ ಉಣ್ಣಿ.

ನಿಮ್ಮನ್ನು ಹೊಡೆದವನನ್ನು ತಿರುಗಿ ಹೊಡೆಯಲು ಆಟ ಕೊಡುವ ಸೇಡಿನ ಹಕ್ಕು ಸಿಕ್ಕಿದೆಯೆಂದು ಹಿಗ್ಗಬೇಡಿ. ವಲಯಗಳಂತೆ ಆಟಗಾರರಿಗೂ ಭದ್ರತಾ ಅಂಕವಿದೆ; ಪಳಗಿದ ದರೋಡೆಕೋರರ ಅಂಕ ಹೇಗೂ ಮೈನಸ್ 5ಕ್ಕಿಂತ ಕೆಳಗಿರುತ್ತದೆ, ಅವರನ್ನು ಯಾರು ಬೇಕಾದರೂ ಹೊಡೆಯಬಹುದು. ಆದರೆ ಬೇಟೆ ಬಂತೆಂದು ಗೊತ್ತಾಗುವವರೆಗೆ ಅವರು ನಿಲ್ದಾಣ ಬಿಟ್ಟು ಹೊರಡುವುದೇ ಇಲ್ಲ.

ಇನ್ನು ಗೇಲಿ. ಉತ್ತರ ಕೊಡಬೇಡಿ, ಬ್ಲಾಕ್ ಮಾಡಿ. ನಿಮ್ಮ ಬೈಗುಳ ಅವರಿಗೆ ಸರಕಿಗಿಂತ ರುಚಿ. ಮಾತು ಹಡಗನ್ನು ಬಿಟ್ಟು ನಿಮ್ಮ ಮನೆಯವರ ಮೇಲೆ, ಧರ್ಮ, ದೇಶದ ಮೇಲೆ ಹೊರಳಿದರೆ, ನಿಜಜೀವನದ ಬೆದರಿಕೆ ಬಂದರೆ ಮಾತ್ರ ಸ್ಕ್ರೀನ್‌ಶಾಟ್ ಸಮೇತ ದೂರು ಕೊಡಿ. ಖಾತೆ ಮುಚ್ಚಿಸುವ ದಾರಿ ಇರುವುದು ಅಲ್ಲಿ.

ಪ್ರಶ್ನೆ: ನನ್ನ ಮಗ ಇದೇ ಆಟದಲ್ಲಿ ದರೋಡೆಕೋರರ ತಂಡ ಸೇರಿದ್ದಾನೆ. ಚಿಂತಿಸಬೇಕೇ?
– ಒಬ್ಬ ತಾಯಿ, ಶಿರಸಿ

ಉತ್ತರ: ದರೋಡೆಗೆ ಚಿಂತೆ ಬೇಡ. ನಿಮ್ಮ ಊರಿನ ಕಡೆ ಯಕ್ಷಗಾನದಲ್ಲಿ ರಾಕ್ಷಸ ವೇಷ ಕಟ್ಟಿದವನನ್ನು ಬೆಳಿಗ್ಗೆ ಯಾರೂ ರಾಕ್ಷಸನೆನ್ನುವುದಿಲ್ಲ. ಸೋತವರಿಗೆ ಅವನು ಚಾಟ್‌ನಲ್ಲಿ ಏನು ಬರೆಯುತ್ತಾನೆ ಎಂಬುದನ್ನು ಒಮ್ಮೆ ಪಕ್ಕದಲ್ಲಿ ಕುಳಿತು ಓದಿ. ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂಬುದನ್ನು ನೀವು ಬರೆದಿಲ್ಲ. ತಂಡ ಯುರೋಪಿನದಾದರೆ ಅವರ ಸಂಜೆ ನಮಗೆ ನಡುರಾತ್ರಿ.