ಎರೆ ಹೊಲದ ದಾರಿಗೆ ಡೆಬ್ರಿಸ್ ಸುರಿಸೋ ಮುಂಚೆ

ಅಣ್ಣಾ, ಹುಬ್ಬಳ್ಳಿಯಲ್ಲಿ ಒಡೀತಿರೋ ಹಳೇ ಕಟ್ಟಡದ ಡೆಬ್ರಿಸ್ ಬರೀ ಬಾಡಿಗೆ ದುಡ್ಡಿಗೆ ಸಿಗ್ತಿದೆ, ಹೊಲದ ನೂರು ಮೀಟರ್ ದಾರಿಗೆ ಸುರಿಸಿಬಿಡಲಾ ಅಂತ ಕೇಳಿದ್ದೀರಿ. ಸುರಿಸಿ, ಆದರೆ ನಾನು ಸುರಿಸಿದ ಹಾಗೆ ಬೇಡ.

ನಮ್ಮದೂ ಎರೆ ಭೂಮಿ, ಅಂಟಿನ ಕಪ್ಪು ಮಣ್ಣು. ಬೇಸಿಗೆಯಲ್ಲಿ ಹದಿನೆಂಟು ಲೋಡ್ ತರಿಸಿ, ಬಿರುಕು ಬಿಟ್ಟ ನೆಲದ ಮೇಲೇ ಕೆಡವಿಸಿ, ಜೆಸಿಬಿ ಬಕೆಟ್ಟಿನಿಂದ ತಟ್ಟಿಸಿ, ದಾರಿ ಆಯ್ತು ಅಂದುಕೊಂಡೆ. ಶ್ರಾವಣ ಮುಗಿಯೋದರೊಳಗೆ ಗಾಲಿ ಓಡಾಡಿದ ಕಡೆಯೆಲ್ಲ ಇಟ್ಟಿಗೆ ಕೆಳಗೆ, ಎರೆ ಮೇಲೆ. ಒಂದು ಕಡೆ ಸಲಿಕೆ ಹಾಕಿ ನೋಡಿದೆ: ಅಂಗೈಯಷ್ಟು ಕಾಂಕ್ರೀಟ್ ಚೂರು ಮೊಳದಾಳದಲ್ಲಿ, ಸುತ್ತ ಬೆಣ್ಣೆಯಂಥ ಕೆಸರು. ಎರೆ ಹಸಿಯಾದಾಗ ಗಾಲಿ ಒತ್ತಿದರೆ ಕಲ್ಲುಗಳ ಸಂದಿಯಿಂದ ಮೇಲಕ್ಕೆ ಬರುತ್ತೆ, ಕಲ್ಲು ಅಷ್ಟೇ ಕೆಳಗಿಳಿಯುತ್ತೆ. ಇನ್ನೂ ಹದಿನೆಂಟು ಲೋಡ್ ಹಾಕಿದ್ದರೂ ಅದೇ ಕಥೆ.

ಹಾಗಾಗಿ ಎರೆಗೂ ಡೆಬ್ರಿಸ್‌ಗೂ ನಡುವೆ ಒಂದು ಪದರ ಬೇಕೇ ಬೇಕು. ಮೇಲಿನ ಅರ್ಧ ಅಡಿ ಎರೆ ತೆಗೆಸಿ (ಬದುವಿಗೆ ಹಾಕಿಕೊಳ್ಳಿ, ಒಳ್ಳೇ ಮಣ್ಣು), ಅಂಟಿಲ್ಲದ ಗರಸು (ಮೊರಂ) ಆರು ಇಂಚು ಹಾಕಿ ರೋಲರ್ ಹೊಡೆಸಿ. ಎರೆ ನೆಲದಲ್ಲಿ ದೊಡ್ಡ ರಸ್ತೆ ಮಾಡೋರಿಗೆ ರಸ್ತೆ ಕೆಲಸಕ್ಕೆ ಮಾನದಂಡ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಇದನ್ನೇ ಒಂಬತ್ತು ಇಂಚು ಕೇಳುತ್ತೆ. ಟ್ರ್ಯಾಕ್ಟರ್ ದಾರಿಗೆ ಆರು ಸಾಕು, ಎರಡನೇ ಸಲ ನಾನು ಅಷ್ಟೇ ಹಾಕಿದ್ದು.

ಅದರ ಮೇಲೆ ಡೆಬ್ರಿಸ್. ಮೂರು ಇಂಚಿಗಿಂತ ದಪ್ಪದ ಚೂರು ಇದ್ದರೆ ಒಡೆಸಿ, ಇಲ್ಲದಿದ್ದರೆ ಕೆಳಗೆ ಪೊಳ್ಳು ಉಳಿಯುತ್ತೆ. ಇಟ್ಟಿಗೆಯನ್ನು ಎದೆಯೆತ್ತರದಿಂದ ಬೀಳಿಸಿ ನೋಡಿ, ಪುಡಿಯಾದರೆ ಅದು ದಾರಿಗೆ ಬರಲ್ಲ. ಹಳೇ ಕಾಂಕ್ರೀಟ್ ಹೊಸ ಖಡಿಗಿಂತ (ಜಲ್ಲಿಗಿಂತ) ಎಷ್ಟೋ ಪಟ್ಟು ನೀರು ಕುಡಿಯುತ್ತೆ. ಅದಕ್ಕೇ ಹಿಂದಿನ ಸಂಜೆ ಚೆನ್ನಾಗಿ ನೆನೆಸಿ ಬೆಳಿಗ್ಗೆ ರೋಲರ್ ತನ್ನಿ. ಒಣಗಿದ್ದರ ಮೇಲೆ ಓಡಿಸಿದರೆ ಬರೀ ಧೂಳು. ಕೊನೆಗೆ ಗರಸು, ಖಡಿ ಪುಡಿ ಕಲಸಿ ಮೂರು ಇಂಚು ಹಾಸಿ.

ಡೆಬ್ರಿಸ್ ಲೆಕ್ಕ: ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಕುಗ್ಗಿದ ಮೇಲೆ ಆರು ಇಂಚು ಅಂದ್ರೆ ಸುಮಾರು 45 ಘನ ಮೀಟರ್. ಸಡಿಲವಾಗಿ ತರುವಾಗ 58ರ ಹತ್ತಿರ. ಒಂದು ಬ್ರಾಸ್ (ನೂರು ಘನ ಅಡಿ) ಹಿಡಿಯೋ ಟ್ರೈಲರ್‌ನಲ್ಲಿ ಇಪ್ಪತ್ತು ಲೋಡ್. ಕೆಳಪದರಕ್ಕೆ ಗರಸೂ ಅಷ್ಟೇ ಬೇಕು, ಅದಕ್ಕೆ ದುಡ್ಡು ಕೊಡಬೇಕು. ಪುಕ್ಕಟೆ ದಾರಿ ಅನ್ನೋ ಲೆಕ್ಕ ಇಲ್ಲೇ ಮುಗೀತು!

ಇನ್ನು ಆರಿಸೋ ಕೆಲಸ. ಬೇಸರದ್ದು, ಆದರೆ ಬಿಡಬೇಡಿ. ಫಾಲ್ಸ್ ಸೀಲಿಂಗ್‌ನ ಪಿಒಪಿ ಒಂದು ಚೂರೂ ಬೇಡ. ಅದು ಜಿಪ್ಸಂ, ನೀರಿಗೆ ಮೆತ್ತಗಾಗುತ್ತೆ, ಹಳೇ ಸಿಮೆಂಟಿನ ಜೊತೆ ಸೇರಿ ಉಬ್ಬುತ್ತೆ. ಉಗುರಲ್ಲಿ ಗೀರಿದರೆ ಬಿಳಿ ಪುಡಿ ಬರುತ್ತೆ, ಗುರುತು ಸುಲಭ. ಸಿಮೆಂಟ್ ಶೀಟ್ ಅಂತೀವಲ್ಲ, ಆ ಹಳೇ ಆಸ್ಬೆಸ್ಟಾಸ್ ಶೀಟಿನ ಚೂರು ಬಂದರೆ ಲೋಡನ್ನೇ ವಾಪಸ್ ಕಳಿಸಿ. ಅದನ್ನು ಒಡೆದಾಗ ಏಳೋ ಧೂಳು ಪುಪ್ಪಸಕ್ಕೆ ಕೇಡು. ಬೈಂಡಿಂಗ್ ತಂತಿಯಿಂದ ನನ್ನ ಟ್ರೈಲರ್ ಒಂದೇ ತಿಂಗಳಲ್ಲಿ ಮೂರು ಸಲ ಪಂಕ್ಚರ್. ಟೈಲ್ಸ್, ಕಮೋಡಿನ ಚೂರು ಎತ್ತಿನ ಕಾಲು ಸೀಳುತ್ತೆ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸ್ತಾ, ಡೆಬ್ರಿಸ್ ದಾರಿ ಅನ್ನೋದೆಲ್ಲ ಕಸ ಮುಚ್ಚಿಡೋ ಉಪಾಯ ಅಂದಿದ್ದಾರೆ. ಅಲ್ಲ ಸರ್. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇದನ್ನು ಸಂಸ್ಕರಿಸೋ ಘಟಕ ಇದೆ, ರಸ್ತೆಗೆ ಬಳಸೋದಕ್ಕೆ 2017ರಲ್ಲಿ ಐಆರ್‌ಸಿ 121 ಅಂತ ಮಾರ್ಗಸೂಚಿಯೇ ಬಂದಿದೆ. ಆದರೆ ಮೋರಿ ಸ್ಲ್ಯಾಬಿಗೂ ಇದೇ ಚೂರು ಹಾಕೋಣ ಅಂತ ಹೊರಡಬೇಡಿ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಖಡಿಯ ಭಾರತೀಯ ಮಾನದಂಡ ಐಎಸ್ 383 ಬಿಡೋದು ಎಂ25 ಅನ್ನೋ ಬಲದ ದರ್ಜೆಯವರೆಗೆ, ಅದೂ ಒಟ್ಟು ಖಡಿಯಲ್ಲಿ ನೂರಕ್ಕೆ ಇಪ್ಪತ್ತು. ನಮ್ಮಲ್ಲಿ ಅಳೆದು ಹಾಕೋರು ಯಾರು, ಹೊಸ ಖಡಿನೇ ಹಾಕಿ.

ದಾರಿಯ ನಡುವನ್ನು ಅಂಚಿಗಿಂತ ಎರಡೂವರೆ ಇಂಚು ಎತ್ತರಿಸಿ, ಎರಡೂ ಕಡೆ ಗಟಾರ ತೆಗೆಸಿ. ನೀರು ನಿಂತರೆ ಗರಸೂ ಉಳಿಸಲ್ಲ. ಉಳಿದ ಡೆಬ್ರಿಸನ್ನು ಹಳ್ಳಕ್ಕೆ ತಳ್ಳಬೇಡಿ. ನಿಮ್ಮದು ನಕಾಶೆ ದಾರಿಯಾಗಿದ್ದರೆ (ಊರಿನ ನಕ್ಷೆಯಲ್ಲೇ ಇರೋ ದಾರಿ) ಮುಟ್ಟೋ ಮುಂಚೆ ಪಂಚಾಯಿತಿಗೆ ಅರ್ಜಿ ಕೊಡಿ, ಪಕ್ಕದ ಹೊಲದವರನ್ನೂ ಕೇಳಿ.

ಮೃಗಶಿರಾ ಮಳೆಗೆ ಮೊದಲೇ ರೋಲರ್ ಕೆಲಸ ಮುಗಿಸಿ. ಮೊದಲ ಲೋಡ್ ಇಳಿಸಿದಾಗ ಹರಡೋ ಮುಂಚೆ ಒಂದು ಫೋಟೋ ಹಾಕಿ, ಏನೇನು ತೆಗೀಬೇಕು ಅಂತ ಹೇಳ್ತೀನಿ.