ಡಾಲರ್ ಲೇಖನ ಓದಿದೆ, ಮೊದಲ ಎರಡು ಪುಟ ತೆಗೆದುಬಿಡಿ

ನಮಸ್ಕಾರ ಮೇಡಂ,

ನೀವು ಕಳಿಸಿದ 'ಡಾಲರ್ ಸಾಮ್ರಾಜ್ಯದ ಹುಟ್ಟು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಕೊನೆಯವರೆಗೂ ಆಸೆ ಇಟ್ಟುಕೊಂಡು ಓದಿ ಆಮೇಲೆ ಬೇಜಾರು ಮಾಡಿಕೊಳ್ಳುವುದು ಬೇಡ ಅಂತ. ಆದರೆ 'ಪ್ರಕಟಿಸಲು ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುವ ಲೇಖನವೂ ಇದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ವಾಕ್ಯ: 'ಮಾನವನು ಅನಾದಿ ಕಾಲದಿಂದಲೂ ವಸ್ತು ವಿನಿಮಯ ಪದ್ಧತಿಯನ್ನು ಅನುಸರಿಸುತ್ತಾ ಬಂದಿದ್ದಾನೆ.' ವಾರಕ್ಕೆ ನಾಲ್ಕು ಲೇಖನವಾದರೂ ಈ ಅನಾದಿ ಕಾಲದಿಂದಲೇ ಶುರುವಾಗಿ ನನ್ನ ಮೇಜಿಗೆ ಬರುತ್ತವೆ. ಅಲ್ಲಿಂದ ಕವಡೆ, ಬಂಗಾರದ ನಾಣ್ಯ, ಕಾಗದದ ನೋಟು ಅಂತ ಎರಡು ಪುಟ ನಡೆದು ಅಮೆರಿಕ ತಲುಪುತ್ತೀರಿ. ಆ ಎರಡು ಪುಟ ತೆಗೆಯಿರಿ. ಒಂದು ಸಾಲನ್ನೂ ಉಳಿಸಬೇಡಿ. 'ಪ್ರಾಬಲ್ಯ' ಅನ್ನುವ ಪದವನ್ನು ಎಣಿಸಿದೆ, ಹತ್ತೊಂಬತ್ತು ಸಲ ಇದೆ. ಡಾಲರ್ ಆಕ್ಟೋಪಸ್ ಆಗಿ ಬಾಹು ಚಾಚುವುದೂ ಬೇಡ. ಆಕ್ಟೋಪಸ್ ನೀವೂ ನೋಡಿಲ್ಲ, ನಾನೂ ನೋಡಿಲ್ಲ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಅಮೆರಿಕ ದೊಡ್ಡ ದೇಶವಾಯಿತು, ಯುದ್ಧ ಗೆದ್ದಿತು, ತೈಲವನ್ನು ಹಿಡಿತಕ್ಕೆ ತಂದುಕೊಂಡಿತು, ಹಾಗಾಗಿ ಅದರ ದುಡ್ಡು ಎಲ್ಲರ ದುಡ್ಡಾಯಿತು ಅನ್ನುತ್ತೀರಿ. ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಅಮೆರಿಕದ ಆರ್ಥಿಕತೆ ಬ್ರಿಟನ್ನನ್ನು ಹಿಂದೆ ಹಾಕಿದ್ದು ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ. ಹಾಗಿದ್ದರೂ 1913ರಲ್ಲಿ ಲೋಕದ ವ್ಯಾಪಾರದಲ್ಲಿ ಡಾಲರನ್ನು ಕೇಳುವವರೇ ಇರಲಿಲ್ಲ. ಅಷ್ಟು ವರ್ಷ ಅದು ಎಲ್ಲಿತ್ತು? ದೊಡ್ಡ ದೇಶ ಆಗಿಬಿಟ್ಟರೆ ಸಾಕು ಅನ್ನುವ ನಿಮ್ಮ ವಾದ ಇಲ್ಲೇ ಕುಸಿಯುತ್ತದೆ.

ಉತ್ತರ ಕಾಫಿಯಲ್ಲಿದೆ. ಇದನ್ನು ಹೇಳುವಾಗ ನನಗೇ ನಗು ಬರುತ್ತಿದೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

1900ರ ಆಸುಪಾಸು ಅಂದುಕೊಳ್ಳಿ. ನ್ಯೂಯಾರ್ಕಿನ ಒಬ್ಬ ವ್ಯಾಪಾರಿ ಬ್ರೆಜಿಲ್‌ನ ಸಾಂಟೋಸ್ ಬಂದರಿನಿಂದ ಕಾಫಿ ತರಿಸುತ್ತಾನೆ. ಮಾರುವವನು ಬ್ರೆಜಿಲ್‌ನಲ್ಲಿ, ಕೊಳ್ಳುವವನು ಅಮೆರಿಕದಲ್ಲಿ, ಹಡಗು ಅವೆರಡರ ನಡುವೆ. ಆದರೆ ದುಡ್ಡಿನ ದಾರಿಯೇ ಬೇರೆ. ನ್ಯೂಯಾರ್ಕಿನವನು ತನ್ನ ಬ್ಯಾಂಕಿನ ಮೂಲಕ ಲಂಡನ್ನಿನ ಒಂದು ಬ್ಯಾಂಕಿನಲ್ಲಿ ಸಾಲದ ಏರ್ಪಾಟು ಮಾಡಿಸುತ್ತಾನೆ. ಸಾಂಟೋಸಿನವನು ಕಾಫಿಯನ್ನು ಹಡಗಿಗೆ ಹಾಕಿ, ಆ ಲಂಡನ್ ಬ್ಯಾಂಕಿನ ಮೇಲೆ ಪೌಂಡ್‌ನಲ್ಲಿ ಹುಂಡಿ ಬರೆಯುತ್ತಾನೆ, ತೊಂಬತ್ತು ದಿನ ಬಿಟ್ಟು ಇಷ್ಟು ಕೊಡತಕ್ಕದ್ದು ಅಂತ. ಅದನ್ನು ತನ್ನೂರಿನ ಬ್ಯಾಂಕಿಗೆ ಕೊಟ್ಟರೆ ಬಡ್ಡಿ ಮುರಿದುಕೊಂಡು ಉಳಿದದ್ದನ್ನು ಅವತ್ತೇ ಕೈಗಿಡುತ್ತಾರೆ. ಹುಂಡಿ ಲಂಡನ್ನಿಗೆ ಹೋಗುತ್ತದೆ. ಅಲ್ಲಿನ ಬ್ಯಾಂಕು ಅದರ ಮೇಲೆ ಅಡ್ಡಡ್ಡಲಾಗಿ 'ಒಪ್ಪಿದೆ' ಅಂತ ಬರೆದು ಸಹಿ ಹಾಕುತ್ತದೆ. ಆ ಸಹಿ ಬಿದ್ದ ಮೇಲೆ ಸಾಂಟೋಸಿನವನು ಯಾರು, ಕಾಫಿ ಎಂಥದ್ದು ಅಂತ ಯಾರೂ ಕೇಳುವುದಿಲ್ಲ, ಆ ಕಾಗದವೇ ದುಡ್ಡು. ಲಂಡನ್ನಿನಲ್ಲಿ ಯಾವತ್ತು ಬೇಕಾದರೂ ಅದನ್ನು ಮಾರಬಹುದು, ಕೊಳ್ಳುವವರು ಯಾವಾಗಲೂ ಇರುತ್ತಾರೆ.

ಒಂದು ಕಾಫಿ ಬೀಜವೂ ಲಂಡನ್ ಮುಟ್ಟಲಿಲ್ಲ, ಕಮಿಷನ್ ಮಾತ್ರ ಲಂಡನ್ನಿಗೆ. ಪೌಂಡ್ ದೊಡ್ಡದಾಗಿದ್ದಕ್ಕೆ ಬ್ರಿಟಿಷ್ ನೌಕಾಪಡೆ ಕಾರಣ ಅಂತ ಬರೆದಿದ್ದೀರಿ. ನೌಕಾಪಡೆ ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸಾಂಟೋಸಿನ ವ್ಯಾಪಾರಿ ಪೌಂಡ್ ಹುಂಡಿ ಬರೆದದ್ದು ಫಿರಂಗಿಗೆ ಹೆದರಿ ಅಲ್ಲ. ಅದು ಅವತ್ತೇ ಮಾರಾಟವಾಗುತ್ತಿತ್ತು, ಅಷ್ಟೇ.

ಹಾಗಾದರೆ ಆ ಹುಂಡಿಯನ್ನು ನ್ಯೂಯಾರ್ಕಿನ ಬ್ಯಾಂಕಿನ ಮೇಲೇ ಡಾಲರ್‌ನಲ್ಲಿ ಯಾಕೆ ಬರೆಯಲಿಲ್ಲ? ಕಾನೂನೇ ಬಿಡುತ್ತಿರಲಿಲ್ಲ! ಅಮೆರಿಕದ ನ್ಯಾಷನಲ್ ಬ್ಯಾಂಕುಗಳು, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ ಪಡೆದ ಬ್ಯಾಂಕುಗಳು, ಇಂಥ ಹುಂಡಿಗೆ ಸಹಿ ಹಾಕುವಂತಿರಲಿಲ್ಲ, ಹೊರದೇಶದಲ್ಲಿ ಶಾಖೆ ತೆರೆಯುವಂತಿರಲಿಲ್ಲ. ಸಹಿ ಹಾಕಿದ್ದರೂ ಅದನ್ನು ಕೊಳ್ಳುವ ಮಾರುಕಟ್ಟೆ ಅಲ್ಲಿರಲಿಲ್ಲ, ಹಿಂದೆ ನಿಲ್ಲಲು ಕೇಂದ್ರ ಬ್ಯಾಂಕೂ ಇರಲಿಲ್ಲ. 1907ರಲ್ಲಿ ಬ್ಯಾಂಕುಗಳ ಮುಂದೆ ಜನ ಕ್ಯೂ ನಿಂತಾಗ ಜೆ. ಪಿ. ಮಾರ್ಗನ್ ಅನ್ನುವ ಒಬ್ಬ ಖಾಸಗಿ ಬ್ಯಾಂಕರ್ ಉಳಿದ ಬ್ಯಾಂಕಿನವರನ್ನೆಲ್ಲ ಕೂರಿಸಿಕೊಂಡು ದುಡ್ಡು ಹೊಂದಿಸಬೇಕಾಯಿತು. ಪಾಲ್ ವಾರ್ಬರ್ಗ್ ಅನ್ನುವ ಇನ್ನೊಬ್ಬರು ಜರ್ಮನಿಯ ಹ್ಯಾಂಬರ್ಗಿನಿಂದ ಬಂದವರು, ಬ್ಯಾಂಕಿನ ಮನೆತನ. ಹುಂಡಿ ಮಾರುಕಟ್ಟೆಯೇ ಇಲ್ಲದ ದೇಶ ನೋಡಿ ಅವರಿಗೆ ಸೋಜಿಗ. ಬರೆದರು, ಭಾಷಣ ಮಾಡಿದರು, ಬೆನ್ನು ಬಿಡಲಿಲ್ಲ. 1913ರ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಕೇಂದ್ರ ಬ್ಯಾಂಕು ಕೊಟ್ಟ ಫೆಡರಲ್ ರಿಸರ್ವ್ ಕಾಯ್ದೆ ಬಂತು. ಹುಂಡಿಗೆ ಸಹಿ, ಹೊರದೇಶದಲ್ಲಿ ಶಾಖೆ, ಎರಡೂ ಬಾಗಿಲು ತೆರೆಯಿತು. ಮಾರನೆಯ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಷನಲ್ ಸಿಟಿ ಬ್ಯಾಂಕು ಬ್ಯೂನಸ್ ಐರಿಸ್‌ನಲ್ಲಿ ಶಾಖೆ ಮಾಡಿತು.

ಅಷ್ಟರಲ್ಲಿ ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು. ಲಂಡನ್ನಿನ ಹುಂಡಿ ಪೇಟೆಗೆ ಪೆಟ್ಟು ಬಿತ್ತು, ಪೌಂಡ್ ಅಲುಗಾಡಿತು, ಸಾಲ ಕೊಡುತ್ತಿದ್ದ ಬ್ರಿಟನ್ ಸಾಲ ಕೇಳುವ ಸ್ಥಿತಿಗೆ ಬಂತು. ಯುದ್ಧ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ ನೋಡಿ. ಆದರೆ ಅದೇ ಯುದ್ಧ ಹತ್ತು ವರ್ಷ ಮೊದಲು ಆಗಿದ್ದರೆ ನ್ಯೂಯಾರ್ಕಿಗೆ ಸಹಿ ಹಾಕುವ ಅಧಿಕಾರವೇ ಇರುತ್ತಿರಲಿಲ್ಲ. ಮುಂದೆ ನಡೆದದ್ದು ಇನ್ನೂ ಮಜಾ. ಹೊಸ ಡಾಲರ್ ಹುಂಡಿಗಳನ್ನು ಕೊಳ್ಳಲು ಖಾಸಗಿಯವರು ಹಿಂದೇಟು ಹಾಕಿದಾಗ, ನ್ಯೂಯಾರ್ಕ್ ಫೆಡರಲ್ ರಿಸರ್ವಿನ ಮುಖ್ಯಸ್ಥ ಬೆಂಜಮಿನ್ ಸ್ಟ್ರಾಂಗ್ ತಮ್ಮ ಬ್ಯಾಂಕಿನಿಂದಲೇ ಕೊಳ್ಳಿಸಿ ಪೇಟೆ ಕುದುರಿಸಿದರು. ಅಂದರೆ ಮುಕ್ತ ಮಾರುಕಟ್ಟೆಯ ಊರಲ್ಲಿ ಮಾರುಕಟ್ಟೆಯನ್ನು ಸರ್ಕಾರಿ ಕೈ ಕಟ್ಟಿತು. 1920ರ ದಶಕದ ನಡುವೆಯೇ ಡಾಲರ್ ಪೌಂಡ್‌ಗೆ ಸರಿಸಮ ನಿಂತಿತು. ಕೇಂದ್ರ ಬ್ಯಾಂಕುಗಳ ಹಳೆಯ ಲೆಕ್ಕ ತೆಗೆದು ಬ್ಯಾರಿ ಐಕನ್‌ಗ್ರೀನ್, ಮಾರ್ಕ್ ಫ್ಲಾಂಡ್ರೊ ಅನ್ನುವ ಇಬ್ಬರು ಆರ್ಥಿಕ ಇತಿಹಾಸಕಾರರು ಇದನ್ನು ತೋರಿಸಿದ್ದಾರೆ.

ಹಾಗಾಗಿ ನಿಮ್ಮ ಲೇಖನದ ನಟ್ಟನಡುವಿನ ಬ್ರೆಟನ್ ವುಡ್ಸ್ ದೃಶ್ಯ, ದೇಶಗಳೆಲ್ಲ ಅಮೆರಿಕದ ಆ ಊರಿನಲ್ಲಿ ಸಭೆ ಸೇರಿ ದುಡ್ಡಿನ ಹೊಸ ನಿಯಮ ಮಾಡಿದ್ದು, ಅಂದರೆ ಡಾಲರ್‌ಗೆ ಪಟ್ಟ ಕಟ್ಟಿದ ದಿನ ಅಂತ ನೀವು ವರ್ಣಿಸಿದ್ದು, ಸ್ವಲ್ಪ ಜಾಸ್ತಿ ಆಯಿತು. ಅದು 1945 ಅಲ್ಲ, 1944ರ ಜುಲೈ. ದೇಶಗಳು 44. ಒಂದು ಔನ್ಸ್ ಬಂಗಾರಕ್ಕೆ 35 ಡಾಲರ್ ಅನ್ನುವುದು ಸರಿಯಾಗಿದೆ. ಆದರೆ ಪಟ್ಟಕ್ಕೆ ಬರುವವನು ಆಗಲೇ ಅರಮನೆ ಒಳಗಿದ್ದ. ನಿಮ್ಮಲ್ಲಿ ಇಲ್ಲದ ಒಂದು ವಿಷಯ ಸೇರಿಸಿ: ಆ ಸಭೆಗೆ ನಮ್ಮ ರಿಸರ್ವ್ ಬ್ಯಾಂಕಿನ ಗವರ್ನರ್ ಸಿ. ಡಿ. ದೇಶಮುಖ್ ಕೂಡ ಹೋಗಿದ್ದರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದರ ಲೆಕ್ಕದಲ್ಲಿ ಬ್ರಿಟನ್ ನಮಗೆ ನೂರು ಕೋಟಿ ಪೌಂಡ್‌ಗಿಂತ ಹೆಚ್ಚು ಕೊಡಬೇಕಿತ್ತು, ಅದನ್ನು ಬೇರೆ ದುಡ್ಡಿಗೆ ಬದಲಿಸಿಕೊಳ್ಳುವುದು ಹೇಗೆ ಅನ್ನುವುದೇ ನಮ್ಮವರ ಚಿಂತೆ. 1947ರ ಜುಲೈನಲ್ಲಿ ಬ್ರಿಟನ್ ಪೌಂಡನ್ನು ಡಾಲರ್‌ಗೆ ಬದಲಿಸಿಕೊಳ್ಳಲು ಬಿಟ್ಟಿತು. ಎಲ್ಲರೂ ಬದಲಿಸಲು ಮುಗಿಬಿದ್ದರು. ಐದು ವಾರಕ್ಕೆ ಬಾಗಿಲು ಹಾಕಿದರು. ಒಂದು ದುಡ್ಡಿನ ಮೇಲೆ ನಂಬಿಕೆ ಹೋದರೆ ಹೇಗಿರುತ್ತದೆ ಅಂತ ಎರಡು ಪುಟ ವಿವರಿಸುವ ಬದಲು ಈ ಐದು ವಾರ ಬರೆಯಿರಿ.

ನಾಲ್ಕನೇ ಪುಟಕ್ಕೆ ಕೆಂಪು ಗೆರೆ ಎಳೆದಿದ್ದೇನೆ. '1974ರಲ್ಲಿ ಸೌದಿ ಅರೇಬಿಯಾ ತೈಲವನ್ನು ಡಾಲರ್‌ಗೆ ಮಾತ್ರ ಮಾರುವ 50 ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು, 2024ರ ಜೂನ್‌ನಲ್ಲಿ ಅದು ಮುಗಿಯಿತು, ಡಾಲರ್ ಕಥೆಯೂ ಮುಗಿಯಿತು.' ಇದು ವಾಟ್ಸ್ಆ್ಯಪ್‌ನಲ್ಲಿ ಬಂದದ್ದು, ಅಲ್ವಾ? ನನಗೂ ಮೂರು ಗುಂಪಿನಿಂದ ಬಂತು. 1974ರ ಜೂನ್‌ನಲ್ಲಿ ಆಗಿದ್ದು ಆರ್ಥಿಕ ಸಹಕಾರಕ್ಕೊಂದು ಜಂಟಿ ಆಯೋಗ, ತೈಲವನ್ನು ಡಾಲರ್‌ಗೆ ಮಾತ್ರ ಮಾರಬೇಕು ಅನ್ನುವ ಷರತ್ತು ಅದರಲ್ಲಿಲ್ಲ. ಸೌದಿಯವರು ತೈಲದ ದುಡ್ಡನ್ನು ಅಮೆರಿಕ ಸರ್ಕಾರದ ಸಾಲಪತ್ರಗಳಲ್ಲಿ ಹಾಕಿದರು, ಎಷ್ಟು ಹಾಕಿದರು ಅನ್ನುವುದನ್ನು 2016ರವರೆಗೆ ಗುಟ್ಟಾಗಿಟ್ಟರು, ಅದು ನಿಜ. ಆದರೆ 1974ಕ್ಕೆ ಮೊದಲೇ ತೈಲದ ಬೆಲೆ ಡಾಲರ್‌ನಲ್ಲೇ ಇತ್ತು. ಇಂಥ ಒಂದು ಸಾಲು ಅಚ್ಚಾದರೆ ಆರು ಪುಟವನ್ನೂ ಓದುಗರು ನಂಬುವುದಿಲ್ಲ. ಬೈಗುಳ ನನಗೆ ಬರುತ್ತದೆ, ನಿಮಗಲ್ಲ.

ಈಗ ನಗು ಬಂದದ್ದು ಯಾಕೆ ಅಂತ ಹೇಳುತ್ತೇನೆ. ಲೇಖನದ ಜೊತೆ ಕಳಿಸಿದ ಪತ್ರದಲ್ಲಿ ಕೊನೆಗೆ, ಏನೋ ತಪ್ಪು ಒಪ್ಪಿಕೊಳ್ಳುವವರ ಹಾಗೆ, ಒಂದು ಸಾಲು ಬರೆದಿದ್ದೀರಿ: 'ನಾನು ಅರ್ಥಶಾಸ್ತ್ರ ಓದಿದವಳಲ್ಲ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಎಕ್ಸ್‌ಪೋರ್ಟ್ ಪೇಪರ್ ನೋಡಿಕೊಳ್ಳುತ್ತೇನೆ.'

ಅಯ್ಯೋ ಮೇಡಂ! ಆರು ಪುಟದಲ್ಲಿ ಕಾಫಿ ಅನ್ನುವ ಪದ ಒಂದು ಸಲವೂ ಇಲ್ಲ.

ನಿಮ್ಮ ಮೇಜಿನ ಮೇಲಿನ ಒಂದು ಇನ್‌ವಾಯ್ಸ್ ತೆಗೆದುಕೊಳ್ಳಿ. ಕಾಫಿ ಮೂಡಿಗೆರೆಯದ್ದೋ ಕೊಪ್ಪದ್ದೋ, ಹೋಗುವುದು ಮಂಗಳೂರಿನಿಂದ ಇಟಲಿಗೆ. ಬೆಳೆದವರ ದುಡ್ಡು ರೂಪಾಯಿ, ಕುಡಿಯುವವರ ದುಡ್ಡು ಯೂರೋ. ಇನ್‌ವಾಯ್ಸ್‌ನಲ್ಲಿ ಇರುವುದು ಡಾಲರ್. ಬೆಳಿಗ್ಗೆ ಎದ್ದು ಪ್ಲಾಂಟರುಗಳು ನೋಡುವ ಅರೇಬಿಕಾ ರೇಟು ನ್ಯೂಯಾರ್ಕಿನದು, ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಅಂತ. ರೋಬಸ್ಟಾ ರೇಟು ಲಂಡನ್ನಿನದು, ಆದರೆ ಅಲ್ಲೂ ಟನ್ನಿಗೆ ಇಷ್ಟು ಡಾಲರ್ ಅಂತಲೇ! ಪೌಂಡ್‌ನ ಸ್ವಂತ ಮನೆಯಲ್ಲಿ ಡಾಲರ್ ಕೂತಿದೆ, ಅದನ್ನು ನೀವು ದಿನಾ ನೋಡುತ್ತೀರಿ, ಬರೆಯಲಿಲ್ಲ.

ಆ ದುಡ್ಡು ಹೇಗೆ ಬರುತ್ತದೆ ಅಂತಲೂ ನಿಮಗೆ ಗೊತ್ತು. ಇಟಲಿಯ ಬ್ಯಾಂಕಿಗೆ ನ್ಯೂಯಾರ್ಕಿನಲ್ಲಿ ಒಂದು ಡಾಲರ್ ಖಾತೆ, ನಮ್ಮ ಬ್ಯಾಂಕಿಗೂ ಅಲ್ಲೇ ಒಂದು. ಒಂದರಲ್ಲಿ ಕಳೆದು ಇನ್ನೊಂದರಲ್ಲಿ ಕೂಡುತ್ತಾರೆ, ಮುಗಿಯಿತು. ಡಾಲರ್ ಅಮೆರಿಕ ಬಿಟ್ಟು ಕದಲುವುದೇ ಇಲ್ಲ. ಸಾಂಟೋಸಿನ ಹುಂಡಿ ಲಂಡನ್ನಿಗೆ ಹೋದ ಹಾಗೆ ನಿಮ್ಮ ಚಿಕ್ಕಮಗಳೂರಿನ ಲೆಕ್ಕ ನ್ಯೂಯಾರ್ಕಿನ ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಅಮೆರಿಕದ ಜೋರು ಎಲ್ಲಿಂದ ಬರುತ್ತದೆ ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ಅಮೆರಿಕ ನಿರ್ಬಂಧ ಹಾಕಿದ್ದ ಸುಡಾನ್, ಇರಾನ್, ಕ್ಯೂಬಾದವರ ವ್ಯವಹಾರವನ್ನು ಈ ಪುಸ್ತಕದ ಮೂಲಕ ದಾಟಿಸಿದ್ದಕ್ಕೆ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು 2014ರಲ್ಲಿ ತಪ್ಪು ಒಪ್ಪಿಕೊಂಡು ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಿತು. ಇದನ್ನು ಹೇಳಿ. 'ಪ್ರಾಬಲ್ಯ' ತಾನಾಗಿ ಅರ್ಥವಾಗುತ್ತದೆ.

ಅಂಕಿ ಬೇಕೆಂದರೆ ಒಂದು ಸಾಕು. ಮೈಸೂರಿನಲ್ಲಿ ಬೆಳೆದ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ 2015ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು: ಭಾರತದ ಆಮದಿನಲ್ಲಿ ಅಮೆರಿಕದಿಂದ ಬರುವುದು ಶೇ. 5 ಮಾತ್ರ, ಡಾಲರ್‌ನಲ್ಲಿ ಬಿಲ್ ಆಗುವುದು ಶೇ. 86. ನೀವು ಕೊಟ್ಟ ಹದಿನಾಲ್ಕು ಅಂಕಿಗಳ ಪಟ್ಟಿಯನ್ನು ತೆಗೆದು ಇದೊಂದನ್ನು ಇಡಿ.

ಕೊನೆಯ ಪುಟದಲ್ಲಿ ರೂಪಾಯಿ ಡಾಲರಿನ ಜಾಗಕ್ಕೆ ಬರುವ ದಿನ ದೂರವಿಲ್ಲ ಅಂದಿದ್ದೀರಿ. ಆಸೆ ತಪ್ಪಲ್ಲ. ಆದರೆ 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ವಿದೇಶಿ ವ್ಯಾಪಾರಕ್ಕೆ ದಾರಿ ಮಾಡಿದ ಮೇಲೆ ಏನಾಯಿತು ಅಂತಲೂ ಬರೆಯಬೇಕಿತ್ತು. ರಷ್ಯಾದಿಂದ ನಾವು ತೈಲ ಕೊಂಡದ್ದು ರಾಶಿ, ಅವರು ನಮ್ಮಿಂದ ಕೊಂಡದ್ದು ಹಿಡಿಯಷ್ಟು. 2023ರ ಮೇನಲ್ಲಿ ಗೋವಾಕ್ಕೆ ಬಂದ ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್, ಭಾರತದ ಬ್ಯಾಂಕುಗಳಲ್ಲಿ ತಮ್ಮ ರೂಪಾಯಿ ಕೋಟಿಗಟ್ಟಲೆ ಬಿದ್ದಿದೆ, ಬಳಸಲು ದಾರಿ ಬೇಕು ಅಂದರು. ಮತ್ತೆ ಅದೇ ಸಾಂಟೋಸಿನ ವ್ಯಾಪಾರಿಯ ಪ್ರಶ್ನೆ: ನನ್ನ ಕೈಗೆ ಬಂದ ಈ ಕಾಗದವನ್ನು ನಾಳೆ ಯಾರು ಕೊಳ್ಳುತ್ತಾರೆ?

ಹಾಗಂತ ರೂಪಾಯಿ ಹೊರಗೆ ಓಡಾಡಿಯೇ ಇಲ್ಲ ಅಂದುಕೊಳ್ಳಬೇಡಿ. ಕುವೈತ್, ಬಹರೇನ್, ಕತಾರ್, ದುಬೈಗಳಲ್ಲಿ ಒಂದು ಕಾಲಕ್ಕೆ ಅಂಗಡಿಯಲ್ಲಿ ನಡೆಯುತ್ತಿದ್ದುದೇ ನಮ್ಮ ರೂಪಾಯಿ. ಅಲ್ಲಿಂದ ಬಂಗಾರ ಕಳ್ಳಸಾಗಣೆಯಲ್ಲಿ ಮುಂಬೈಗೆ, ಇಲ್ಲಿಂದ ನೋಟುಗಳು ಅಲ್ಲಿಗೆ, ಆ ನೋಟು ವಾಪಸ್ ಬಂದಾಗ ನಾವು ಪೌಂಡ್ ಎಣಿಸಿಕೊಡಬೇಕು. ತಡೆಯಲಾರದೆ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು, ನಂಬರಿನ ಮುಂದೆ ಝಡ್ ಅಕ್ಷರ. 1966ರ ಜೂನ್‌ನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿಯನ್ನು ಒಂದೇ ಏಟಿಗೆ 7.50ಕ್ಕೆ ಇಳಿಸಿದಾಗ, ಅಲ್ಲಿ ಉಳಿದಿದ್ದವರೂ ಒಬ್ಬೊಬ್ಬರಾಗಿ ತಮ್ಮದೇ ದುಡ್ಡು ಮಾಡಿಕೊಂಡರು. ಒಮಾನ್ ಮಾತ್ರ 1970ರವರೆಗೆ ಎಳೆಯಿತು. ಇಷ್ಟು ಒಳ್ಳೆಯ ಕಥೆ ಬಿಟ್ಟು ನೀವು ಬ್ರಿಕ್ಸ್ (ಭಾರತ, ಚೀನಾ, ರಷ್ಯಾ ಮುಂತಾದ ದೇಶಗಳ ಕೂಟ) ನೋಟಿನ ಬಗ್ಗೆ ಒಂದು ಪುಟ ಊಹೆ ಬರೆದಿದ್ದೀರಿ. ಅದನ್ನೂ ತೆಗೆಯಿರಿ.

ಚೀನಾದ ಭಾಗ ಪರವಾಗಿಲ್ಲ. ವ್ಯಾಪಾರ ಅಷ್ಟಿದ್ದೂ ದುಡ್ಡು ಒಳಗೆ ಹೊರಗೆ ಓಡಾಡಲು ಅವರು ಬಿಡುವುದಿಲ್ಲ ಅನ್ನುವ ನಿಮ್ಮ ಮಾತು ಸರಿಯಾಗಿದೆ, ಹಾಗೇ ಇರಲಿ.

ಹೊಸದಾಗಿ ಬರೆಯುವಾಗ ಒಂದು ಮೂಟೆಯಿಂದ ಶುರು ಮಾಡಿ. ಕ್ಯೂರಿಂಗ್ ಆಗಿ ಹೊಲಿಗೆ ಬಿದ್ದ ಒಂದು ಮೂಟೆ, ಅದರ ಜೊತೆ ಹೋಗುವ ಕಾಗದಗಳು, ಅವುಗಳಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೆ ಎಲ್‌ಸಿಗೆ (ಕಾಗದ ಸರಿಯಿದ್ದರೆ ದುಡ್ಡು ಕೊಡುತ್ತೇವೆ ಅನ್ನುವ ಬ್ಯಾಂಕಿನ ಭರವಸೆ ಪತ್ರ) ಹೊಂದುವುದಿಲ್ಲ ಅಂತ ಬ್ಯಾಂಕಿನವರು ಅವನ್ನು ವಾಪಸ್ ಕಳಿಸುವುದು, ಡಾಲರ್ ಎಪ್ಪತ್ತು ಪೈಸೆ ಏರಿದ ದಿನ ನಿಮ್ಮ ಆಫೀಸಿನಲ್ಲಿ ಮುಖಗಳು ಹೇಗಿರುತ್ತವೆ ಅನ್ನುವುದು, ಇವನ್ನೆಲ್ಲ ನಿಮ್ಮಷ್ಟು ಚೆನ್ನಾಗಿ ನನ್ನ ಬಳಿ ಬರೆಯುವ ಪ್ರೊಫೆಸರ್‌ಗಳು ಬರೆಯಲಾರರು. ಅಲ್ಲಿಂದ ಸಾಂಟೋಸಿಗೆ ಹಾರಿ. ಓದುಗರು ಜೊತೆಗೇ ಬರುತ್ತಾರೆ. 1,800 ಪದ ಮೀರಬೇಡಿ. ಕಂಪನಿಯ ಹೆಸರು, ಗಿರಾಕಿಯ ಹೆಸರು ಹಾಕಬೇಡಿ, ಕೆಲಸಕ್ಕೆ ಕುತ್ತು ಬರುವುದು ಬೇಡ. ಫೋಟೊ ಇದ್ದರೆ ಮೂಟೆಯದ್ದು ಕಳಿಸಿ, ನೂರು ಡಾಲರ್ ನೋಟಿನ ಚಿತ್ರ ನಮ್ಮ ಹತ್ತಿರ ಬೇಕಾದಷ್ಟಿದೆ. ಕಾಫಿ ಕೊಯ್ಲು ಶುರುವಾದರೆ ನಿಮಗೆ ಪುರುಸೊತ್ತು ಸಿಗುವುದಿಲ್ಲ ಅಂತ ಗೊತ್ತು, ಅದಕ್ಕೆ ಮೊದಲೇ ಕಳಿಸಿಬಿಡಿ.